ರಿಪೋರ್ಟಿನಲ್ಲಿ ಕೊಬ್ಬು ಕಡಿಮೆ, ಬಾಯಿಯಲ್ಲಿ ಹುಣ್ಣು

ಯಾವುದಾದರೂ ಮದುವೆಯ ಔತಣಕ್ಕೆ ಹೋಗಿ ನೋಡಿ. ನಲ್ವತ್ತು ದಾಟಿದ ನಾಲ್ವರು ಒಂದು ಮೇಜಿನ ಸುತ್ತ ಕುಳಿತರೆ ಮಾತು ಮಕ್ಕಳ ಓದಿನಿಂದ ಶುರುವಾಗಿ, ಶುಗರ್ ಮತ್ತು ಬಿ.ಪಿ.ಯನ್ನು ದಾಟಿ, ಕೊನೆಗೆ ಕೊಲೆಸ್ಟ್ರಾಲಿಗೆ ಬಂದು ನಿಲ್ಲುತ್ತದೆ. ಒಬ್ಬರು ಬಿರಿಯಾನಿಯ ಮಾಂಸದ ತುಂಡನ್ನು ಬದಿಗೆ ಸರಿಸಿ "ನನಗೆ ಇನ್ನೂರ ನಲ್ವತ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಇನ್ನೊಬ್ಬರು "ನನಗೆ ನೂರ ನಲ್ವತ್ತೂ ಇಲ್ಲ" ಎಂದು ಹೆಮ್ಮೆಯಿಂದ ಹೇಳಿ ಮತ್ತೊಂದು ತುಂಡು ಹಾಕಿಸಿಕೊಳ್ಳುತ್ತಾರೆ. ಊಟ ಮುಗಿಸಿ ಕೈ ತೊಳೆದು ಹೊರಬಂದರೆ ಬಾಗಿಲ ಬಳಿ ತಟ್ಟೆಯಲ್ಲಿ ಬೀಡಾ ಕಾದಿರುತ್ತದೆ. ಇಬ್ಬರೂ ಒಂದೊಂದು ಎತ್ತಿ ದವಡೆಗೆ ಸೇರಿಸುತ್ತಾರೆ. ಕೊಬ್ಬಿನ ಲೆಕ್ಕ ಇಡುವ ನಾವು ಈ ಬೀಡಾದ ಲೆಕ್ಕ ಇಡುವುದಿಲ್ಲ.

ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾದರೆ ಹೃದಯಕ್ಕೆ ಅಪಾಯವೆಂಬುದು ಇಂದು ಎಲ್ಲರಿಗೂ ಗೊತ್ತು. ಅದು ಸರಿಯಾದ ಮಾತೇ. ಆದರೆ ಅದು ಕಡಿಮೆಯಿದ್ದರೆ ದೇಹದಲ್ಲಿ ಎಲ್ಲವೂ ಕ್ಷೇಮವೆಂದು ತೀರ್ಮಾನಿಸಬಹುದೇ? ಅದರಲ್ಲೂ ಹತ್ತಿಪ್ಪತ್ತು ವರ್ಷಗಳಿಂದ ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಖೈನಿ ಇವುಗಳಲ್ಲಿ ಯಾವುದಾದರೊಂದನ್ನು ಬಾಯಿಯಲ್ಲಿಟ್ಟುಕೊಂಡವರು? ಈ ತಿಂಗಳು ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಲಿಪಿಡ್ ಪ್ರೊಫೈಲ್ ಎಂದರೇನು?

ರಕ್ತದಲ್ಲಿರುವ ಕೊಬ್ಬಿನ ಬಗೆಗಳನ್ನು ಅಳೆಯುವ ಪರೀಕ್ಷೆಯೇ ಲಿಪಿಡ್ ಪ್ರೊಫೈಲ್. ಅದರಲ್ಲಿ ಮುಖ್ಯವಾಗಿ ನಾಲ್ಕು ಅಂಕಿಗಳಿರುತ್ತವೆ. ಒಟ್ಟು ಕೊಲೆಸ್ಟ್ರಾಲ್, 'ಒಳ್ಳೆಯದು' ಎಂದು ಕರೆಯುವ ಎಚ್.ಡಿ.ಎಲ್., 'ಕೆಟ್ಟದ್ದು' ಎಂದು ಕರೆಯುವ ಎಲ್.ಡಿ.ಎಲ್. ಮತ್ತು ಟ್ರೈಗ್ಲಿಸರೈಡ್. ಒಟ್ಟು ಕೊಲೆಸ್ಟ್ರಾಲ್ 200ಕ್ಕಿಂತ ಕೆಳಗೆ, ಟ್ರೈಗ್ಲಿಸರೈಡ್ 150ಕ್ಕಿಂತ ಕೆಳಗೆ ಇರುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ಎಚ್.ಡಿ.ಎಲ್. ಮಾತ್ರ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿಳಿಯಬಾರದು.

ಕೊಲೆಸ್ಟ್ರಾಲ್ ಎಂದರೆ ವಿಷವಲ್ಲ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊರಗೋಡೆಯಲ್ಲಿ ಅದಿದೆ. ಪಿತ್ತರಸಕ್ಕೆ ಅದು ಬೇಕು, ಹಲವು ಹಾರ್ಮೋನುಗಳಿಗೂ ಬೇಕು. ಸೃಷ್ಟಿಕರ್ತನು ಪ್ರತಿಯೊಂದನ್ನೂ ಒಂದು ಅಳತೆಯಲ್ಲಿಟ್ಟಿದ್ದಾನೆ. ಅಳತೆ ಮೀರಿದರೂ ತೊಂದರೆ. ಕಾರಣವಿಲ್ಲದೆ ಕುಸಿದರೂ 'ಏಕೆ?' ಎಂದು ಕೇಳಬೇಕಾಗುತ್ತದೆ.

ಅಹ್ಮದಾಬಾದಿನಿಂದ ಬಂದ ಒಂದು ಅಧ್ಯಯನ

ಗುಜರಾತಿನಲ್ಲಿ ಅಡಿಕೆ ಮತ್ತು ತಂಬಾಕು ಬೆರೆಸಿದ 'ಮಾವಾ' ಜಗಿಯುವ ಚಟ ಬಹಳ ವ್ಯಾಪಕ. ಅಲ್ಲಿನ ಅಹ್ಮದಾಬಾದಿನಲ್ಲಿರುವ ಗುಜರಾತ್ ಕ್ಯಾನ್ಸರ್ ಮತ್ತು ಸಂಶೋಧನಾ ಸಂಸ್ಥೆಯವರು 2004ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಬಾಯಿ, ಗಂಟಲು ಸೇರಿದಂತೆ ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದ 184 ಮಂದಿ, ಬಾಯಿಯಲ್ಲಿ ಕ್ಯಾನ್ಸರ್‌ಗೆ ಮುನ್ನಿನ ಲಕ್ಷಣಗಳಿದ್ದ 153 ಮಂದಿ ಮತ್ತು ಹೋಲಿಕೆಗಾಗಿ 52 ಆರೋಗ್ಯವಂತರ ರಕ್ತವನ್ನು ಅವರು ಪರೀಕ್ಷಿಸಿದ್ದರು. ಕ್ಯಾನ್ಸರ್ ರೋಗಿಗಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್.ಡಿ.ಎಲ್. ಎರಡೂ ಆರೋಗ್ಯವಂತರಿಗಿಂತ ಕಡಿಮೆಯಿದ್ದವು. ಇನ್ನೊಂದು ಗಮನಾರ್ಹ ಸಂಗತಿಯೂ ಕಂಡುಬಂತು. ತಂಬಾಕಿನ ಚಟವಿದ್ದವರ ರಕ್ತದ ಕೊಬ್ಬು ಚಟವಿಲ್ಲದವರಿಗಿಂತ ಕೆಳಮಟ್ಟದಲ್ಲಿತ್ತು.

ಆ ಬಳಿಕ ದೇಶದ ಹಲವು ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ಅಧ್ಯಯನಗಳು ನಡೆದಿವೆ. ಟ್ರೈಗ್ಲಿಸರೈಡ್ ವಿಷಯದಲ್ಲಿ ಫಲಿತಾಂಶ ಒಂದೊಂದು ಕಡೆ ಒಂದೊಂದು ರೀತಿ ಬಂದಿದೆ. ಆದರೆ ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್.ಡಿ.ಎಲ್. ಇಳಿದಿರುವುದನ್ನು ಹಲವರು ಕಂಡಿದ್ದಾರೆ.

ಕೊಬ್ಬು ಎಲ್ಲಿಗೆ ಹೋಯಿತು?

ಸಣ್ಣ ಊರೊಂದರಲ್ಲಿ ಯಾರೋ ಒಬ್ಬರು ಅನುಮತಿಯಿಲ್ಲದೆ ಮಹಡಿಯ ಮೇಲೆ ಮಹಡಿ ಕಟ್ಟಲು ಶುರು ಮಾಡಿದರೆ ಏನಾಗುತ್ತದೆ? ಅಂಗಡಿಯ ಸಿಮೆಂಟು, ಕಬ್ಬಿಣವೆಲ್ಲ ಅಲ್ಲಿಗೇ ಹೋಗುತ್ತದೆ. ಅಂಗಡಿ ಖಾಲಿಯಾದದ್ದು ನೋಡಿ ಊರಿನಲ್ಲಿ ಕಟ್ಟಡವೇ ಏಳುತ್ತಿಲ್ಲವೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಕ್ಯಾನ್ಸರ್ ಕೋಶಗಳೂ ಹೀಗೆಯೇ. ಅವು ಹಿಡಿತವಿಲ್ಲದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಪ್ರತಿ ಹೊಸ ಕೋಶಕ್ಕೂ ಹೊಸ ಗೋಡೆ ಬೇಕು, ಗೋಡೆಗೆ ಕೊಲೆಸ್ಟ್ರಾಲ್ ಬೇಕು. ಅದನ್ನು ಅವು ರಕ್ತದಿಂದ ಎಳೆದುಕೊಳ್ಳುತ್ತವೆ. ಜೀವಕೋಶವು ರಕ್ತದಿಂದ ಎಲ್.ಡಿ.ಎಲ್. ಅನ್ನು ಒಳಗೆ ಸೆಳೆದುಕೊಳ್ಳುವ ಬಗೆಯನ್ನು ಕಂಡುಹಿಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಎರಡನೆಯ ಕಾರಣ ತಂಬಾಕು. ಅದರಲ್ಲಿರುವ ವಿಷಗಳು ಜೀವಕೋಶದ ಗೋಡೆಯಲ್ಲಿರುವ ಕೊಬ್ಬನ್ನೇ ಕೆಡಿಸುತ್ತವೆ. ಕೆಟ್ಟ ಗೋಡೆಯನ್ನು ದುರಸ್ತಿ ಮಾಡಲು ದೇಹ ಮತ್ತೆ ಕೊಬ್ಬನ್ನು ಬಳಸಬೇಕಾಗುತ್ತದೆ. ಮೂರನೆಯದು ಬಹಳ ಸರಳ ಕಾರಣ. ಬಾಯಿ ಹುಣ್ಣಾದವನು ಸರಿಯಾಗಿ ಉಣ್ಣಲಾರ. ಹೊಟ್ಟೆಗೆ ಹೋಗುವುದು ಕಡಿಮೆಯಾದಂತೆ ತೂಕವೂ ಕೊಬ್ಬೂ ಇಳಿಯುತ್ತವೆ.

ಈ ಮೂರರಲ್ಲಿ ಯಾವುದರ ಪಾಲು ಎಷ್ಟು ಎಂಬುದು ರೋಗಿಯಿಂದ ರೋಗಿಗೆ ಬೇರೆ. ಆದರೆ ಒಂದು ಮಾತು ಸ್ಪಷ್ಟ. ಕೊಬ್ಬಿನ ಅಂಕಿ ಇಳಿದಿರುವುದನ್ನು ಆರೋಗ್ಯದ ಪ್ರಮಾಣಪತ್ರವೆಂದು ಯಾರೂ ಭಾವಿಸಬಾರದು.

ಒಬ್ಬ ಲಾರಿ ಚಾಲಕರ ಕಥೆ

ನಮ್ಮ ಊರಿನಲ್ಲಿ ಒಬ್ಬ ಲಾರಿ ಚಾಲಕರಿದ್ದಾರೆ. ನಲ್ವತ್ತಾರರ ವಯಸ್ಸು. ರಾತ್ರಿ ಓಡಿಸುವಾಗ ನಿದ್ದೆ ಬರಬಾರದೆಂದು ಶುರು ಮಾಡಿದ ಗುಟ್ಕಾ ಹಗಲಿಗೂ ಅಂಟಿಕೊಂಡಿತು. ಕರ್ನಾಟಕ ಸರಕಾರ 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿದಾಗ ವ್ಯಾಪಾರಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರತೊಡಗಿದರು. ಇವರು ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಒಮ್ಮೆ ಆರೋಗ್ಯ ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡರು. ಒಟ್ಟು ಕೊಲೆಸ್ಟ್ರಾಲ್ 138. ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹಲವರಿಗೆ ತೋರಿಸಿದರು. ಗುಟ್ಕಾ ಬಿಡಿ ಎಂದು ಮನೆಯಲ್ಲಿ ಹೇಳಿದಾಗಲೂ ಅದೇ ಕಾಗದ ಉತ್ತರವಾಯಿತು.

ಬದಲಾವಣೆಯನ್ನು ಮೊದಲು ಕಂಡವರು ಅವರ ಪತ್ನಿ. ಮೊದಲು ಖಾರ ಬೇಡವೆಂದರು. ಬಳಿಕ ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನತೊಡಗಿದರು. ಆಮೇಲೆ ತುತ್ತು ಸಣ್ಣದಾಯಿತು, ಏಕೆಂದರೆ ಬಾಯಿ ಅಗಲವಾಗಿ ತೆರೆಯುತ್ತಿರಲಿಲ್ಲ. ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದರೆ ಉರಿ. ಆ ತಾಯಿ ಹಟ ಹಿಡಿದು ದಂತವೈದ್ಯರ ಬಳಿ ಕರೆದುಕೊಂಡು ಹೋದರು. ಕೆನ್ನೆಯ ಒಳಗೆ ಹುಣ್ಣು, ಕುತ್ತಿಗೆಯಲ್ಲಿ ಗಂಟು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಯಿತು. ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಅಲ್ಲಾಹನ ಕೃಪೆಯಿಂದ ಇಂದು ಬದುಕಿದ್ದಾರೆ. ಆದರೆ ಮಾತು ಸ್ಪಷ್ಟವಿಲ್ಲ, ಊಟ ಗಂಜಿಗೇ ಸೀಮಿತ, ಲಾರಿ ಬೇರೆಯವರ ಕೈ ಸೇರಿದೆ.

"ರಿಪೋರ್ಟು ಚೆನ್ನಾಗಿಯೇ ಇತ್ತಲ್ಲ ಮಾಸ್ಟ್ರೇ, ಅದು ಸುಳ್ಳಾ?" ಎಂದು ಆ ಸಹೋದರಿ ಕೇಳಿದರು.

ರಿಪೋರ್ಟು ಸುಳ್ಳು ಹೇಳಿರಲಿಲ್ಲ. ಅವರ 138 ಎಂಬ ಅಂಕಿ ರೋಗದಿಂದಲೇ ಬಂತೆಂದೂ ಹೇಳಲಾಗದು. ಅದು ಅವರ ಸಹಜ ಪ್ರಮಾಣವೇ ಆಗಿದ್ದಿರಬಹುದು. ಆ ಕಾಗದಕ್ಕೆ ಕೇಳಿದ್ದು ಹೃದಯದ ಬಗೆಗಿನ ಪ್ರಶ್ನೆ. ಅದರಿಂದ ಅವರು ಪಡೆದುಕೊಂಡದ್ದು ಬಾಯಿಗೂ ಸೇರಿಸಿದ ಉತ್ತರ. ಆ ದಿನ ಶಿಬಿರದಲ್ಲಿ "ಒಮ್ಮೆ ಬಾಯಿ ತೆರೆಯಿರಿ" ಎಂದು ಹೇಳುವವರೊಬ್ಬರು ಇದ್ದಿದ್ದರೆ ಎಂದು ಅನ್ನಿಸದಿರದು.

ಎರಡು ತಪ್ಪು ತೀರ್ಮಾನಗಳು ಬೇಡ

ಇದನ್ನು ಓದಿ ಯಾರೂ ಅವಸರಪಡಬಾರದು. ಕೊಲೆಸ್ಟ್ರಾಲ್ ಕಡಿಮೆಯಿರುವವರಿಗೆಲ್ಲ ಕ್ಯಾನ್ಸರ್ ಇದೆಯೆಂದು ಅರ್ಥವಲ್ಲ. ಎಷ್ಟೋ ಆರೋಗ್ಯವಂತರಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ಬಾಯಿ ಕ್ಯಾನ್ಸರನ್ನು ಪತ್ತೆಹಚ್ಚಲು ಲಿಪಿಡ್ ಪ್ರೊಫೈಲ್ ಒಂದು ಪರೀಕ್ಷೆಯಲ್ಲ. ಅದಕ್ಕೆ ಬಾಯಿಯನ್ನು ನೋಡಬೇಕು, ಸಂಶಯವಿದ್ದರೆ ಬಯಾಪ್ಸಿ ಆಗಬೇಕು.

ಎರಡನೆಯದಾಗಿ, ಹೃದ್ರೋಗಕ್ಕಾಗಿ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಕ್ಯಾನ್ಸರ್ ಭಯದಿಂದ ಅದನ್ನು ನಿಲ್ಲಿಸಬಾರದು. ಕ್ಯಾನ್ಸರ್ ಬಂದ ಮೇಲೆ ಕೊಬ್ಬು ಇಳಿಯುವುದು ಬೇರೆ, ಮಾತ್ರೆಯಿಂದ ಇಳಿಸುವುದು ಬೇರೆ. ಹಾಗೆಯೇ ಕೊಬ್ಬು ಹೆಚ್ಚಿಸಿದರೆ ಕ್ಯಾನ್ಸರ್ ಬಾರದೆಂದು ತುಪ್ಪ ಸುರಿದುಕೊಳ್ಳುವುದೂ ಬೇಡ. ಕಾಯಿಲೆಯ ಬೇರು ಇರುವುದು ತಟ್ಟೆಯಲ್ಲಲ್ಲ, ದವಡೆಯ ಸಂದಿಯಲ್ಲಿ.

ಕಣ್ಣು ಮತ್ತು ಬೆಳಕು ಮಾಡಿದ ಕೆಲಸ

ನಮ್ಮ ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ಹದಿಮೂರು ಪಂಚಾಯತ್‌ಗಳ ಸುಮಾರು 1 ಲಕ್ಷ 90 ಸಾವಿರ ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರ ಮನೆಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೋಗಿ, ಬೆಳಕಿನಲ್ಲಿ ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿದರು. ಸಂಶಯ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಅದರ ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವುಗಳು ತಪಾಸಣೆ ನಡೆದ ಗುಂಪಿನಲ್ಲಿ ಶೇ. 34ರಷ್ಟು ಕಡಿಮೆಯಾಗಿದ್ದವು.

ಯೋಚಿಸಿ ನೋಡಿ. ಅಲ್ಲಿ ದುಬಾರಿ ಯಂತ್ರವಿರಲಿಲ್ಲ. ಬಾಯಿ ತೆರೆಸಿ ನೋಡಿದ್ದಷ್ಟೇ. ಇಂದು ನಮ್ಮ ದೇಶದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿಗೆ ತುತ್ತಾಗುವವರ ಸಂಖ್ಯೆ 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 43 ಸಾವಿರ. ಮರಣ ಹೊಂದಿದವರು ಸುಮಾರು 80 ಸಾವಿರ. ಹೊಟ್ಟೆಯೊಳಗಿನ ರೋಗ ಕಣ್ಣಿಗೆ ಕಾಣದು. ಆದರೆ ಬಾಯಿಯ ರೋಗ ಕನ್ನಡಿಗೇ ಕಾಣುತ್ತದೆ. ಆದರೂ ಇಷ್ಟೊಂದು ಮಂದಿ ತಡವಾಗಿ ಆಸ್ಪತ್ರೆ ಸೇರುವುದು ದುಃಖದ ಸಂಗತಿ.

ಮಧ್ಯಯುಗದ ಸ್ಪೇನಿನ ಕಾರ್ಡೋವಾದಲ್ಲಿದ್ದ ಪ್ರಸಿದ್ಧ ಮುಸ್ಲಿಮ್ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ಸಾವಿರ ವರ್ಷಗಳ ಹಿಂದೆಯೇ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಈ ವಿಷಯ ಬರೆದಿದ್ದಾರೆ. ಕ್ಯಾನ್ಸರ್ ಗಡ್ಡೆ ಆರಂಭದ ಹಂತದಲ್ಲಿದ್ದು, ಪೂರ್ತಿಯಾಗಿ ತೆಗೆಯಬಹುದಾದ ಜಾಗದಲ್ಲಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಬೇಕು, ಬೆಳೆದು ಹಳೆಯದಾಗಿದ್ದರೆ ಕೈಹಾಕಬಾರದು ಎಂಬುದು ಅವರ ಅಭಿಪ್ರಾಯ. ಇಂದು ಬೆಳೆದ ಗಡ್ಡೆಗೂ ಚಿಕಿತ್ಸೆಯಿದೆ. ಆದರೆ ಬೇಗ ಕಂಡರೆ ಬೇಗ ಗುಣ ಎಂಬ ಮಾತು ಇಂದಿಗೂ ಬದಲಾಗಿಲ್ಲ.

ಮನೆಯಲ್ಲೇ ನೋಡಿ

ತಿಂಗಳಿಗೊಮ್ಮೆ ಹಲ್ಲುಜ್ಜಿದ ಬಳಿಕ ಕನ್ನಡಿಯ ಮುಂದೆ ಒಳ್ಳೆಯ ಬೆಳಕಿನಲ್ಲಿ ಬಾಯಿ ತೆರೆಯಿರಿ. ಎರಡೂ ಕೆನ್ನೆಗಳ ಒಳಭಾಗ, ಒಸಡು, ನಾಲಿಗೆಯ ಎರಡು ಅಂಚು, ನಾಲಿಗೆಯ ಕೆಳಭಾಗ, ಅಂಗಳ ಇವನ್ನೆಲ್ಲ ನೋಡಿ. ಬೆರಳಿನಿಂದ ಮುಟ್ಟಿ ಗಟ್ಟಿಯಿದೆಯೇ ಎಂದು ಪರೀಕ್ಷಿಸಿ. ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡಬೇಡಿ.

ಎರಡು ಮೂರು ವಾರಗಳಾದರೂ ಮಾಯದ ಹುಣ್ಣು. ಅದು ನೋಯದಿದ್ದರೂ ಸರಿ. ಆರಂಭದಲ್ಲಿ ಇದು ಹೆಚ್ಚಾಗಿ ನೋಯುವುದಿಲ್ಲ.

ಒರೆಸಿದರೂ ಹೋಗದ ಬಿಳಿ ಕಲೆ ಅಥವಾ ಕೆಂಪು ಕಲೆ.

ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಲಾಗದಷ್ಟು ಬಾಯಿ ಬಿಗಿಯುವುದು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರಿನಂತಾಗಿ ಬಿಗಿಯುತ್ತದೆ. ಇದು ಮುಂದೆ ಕ್ಯಾನ್ಸರ್ ಆಗಿ ತಿರುಗಬಹುದಾದ ಸ್ಥಿತಿ.

ಖಾರ ತಿಂದರೆ ಅತಿಯಾದ ಉರಿ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ಧ್ವನಿಯಲ್ಲಿ ಬದಲಾವಣೆ, ಕಾರಣವಿಲ್ಲದೆ ಇಳಿಯುವ ತೂಕ.

ಮನೆಯ ಹೆಂಗಸರಿಗೆ ಒಂದು ವಿಶೇಷ ಮಾತು. ಗಂಡಸರ ಚಟ ಬೀದಿಯಲ್ಲಿ ಕಾಣುತ್ತದೆ. ಅಜ್ಜಿಯ ಕಡ್ಡಿಪುಡಿ ತಲೆದಿಂಬಿನ ಕೆಳಗಿರುತ್ತದೆ. ರಾತ್ರಿಯಿಡೀ ಒಂದೇ ಕೆನ್ನೆಯಲ್ಲಿ ಎಲೆಯಡಿಕೆಯನ್ನು ಒತ್ತಿಟ್ಟುಕೊಂಡು ಮಲಗುವ ಎಷ್ಟೋ ತಾಯಂದಿರಿದ್ದಾರೆ. "ಈ ವಯಸ್ಸಿನಲ್ಲಿ ಇನ್ನೇನು ಬಿಡುವುದು" ಎಂದು ನಾವೂ ಸುಮ್ಮನಿರುತ್ತೇವೆ. ಸೊಸೆ ಹೇಳಿದರೆ ಅಧಿಕಪ್ರಸಂಗವಾಗಬಹುದು. ಆದರೆ ಮಗಳು ಅಥವಾ ಮೊಮ್ಮಗಳು "ಅಜ್ಜೀ, ಒಮ್ಮೆ ಬಾಯಿ ತೋರಿಸಿ" ಎಂದು ಕೇಳಿದರೆ ಬೇಸರಿಸುವ ಅಜ್ಜಿ ಯಾರಿದ್ದಾರೆ?

30 ವರ್ಷ ದಾಟಿದವರಿಗೆ ಬಾಯಿ ಕ್ಯಾನ್ಸರ್ ತಪಾಸಣೆ ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲಿ ಸೇರಿದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಖರ್ಚಿನ ಭಯದಿಂದ ರೋಗ ಮುಚ್ಚಿಡಬೇಡಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನವರಿಗೆ ಕ್ಯಾನ್ಸರ್ ಚಿಕಿತ್ಸೆಗೂ ನೆರವಿದೆ.

ಮಕ್ರೂಹ್ ಎಂಬ ನೆಪ

ತಂಬಾಕಿನ ವಿಷಯ ಎತ್ತಿದರೆ ಕೆಲವರು "ಅದು ಹರಾಮೋ, ಮಕ್ರೂಹೋ?" ಎಂಬ ಪ್ರಶ್ನೆಯನ್ನು ಮುಂದಿಡುತ್ತಾರೆ. ತಂಬಾಕು ಅಮೆರಿಕ ಖಂಡದಿಂದ ಬಂದ ಗಿಡ. ಮುಸ್ಲಿಮ್ ನಾಡುಗಳಿಗೆ ಅದು ತಲುಪಿದ್ದು ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ. ಅಂದಿನಿಂದಲೂ ವಿದ್ವಾಂಸರಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಆದರೆ ಅಂದಿನವರ ಮುಂದೆ ಇಂದಿನ ವೈದ್ಯಕೀಯ ಪುರಾವೆಗಳಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಬೆರೆಸಿದ ಎಲೆಯಡಿಕೆ ಮಾತ್ರವಲ್ಲ, ತಂಬಾಕಿಲ್ಲದ ಎಲೆಯಡಿಕೆ ಮತ್ತು ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಹೇಳಿದೆ. ಮಲೆನಾಡು, ಕರಾವಳಿಯ ಸಾವಿರಾರು ಕುಟುಂಬಗಳ ಅನ್ನ ಅಡಿಕೆಯ ತೋಟದಲ್ಲಿದೆ. ಆ ರೈತರ ಕಷ್ಟ ನಮಗೆ ಗೊತ್ತು. ಹಾಗೆಂದು ಸತ್ಯವನ್ನು ಮುಚ್ಚಿಡಲಾಗದು.

ಶರೀಅತ್‌ನ ಉದ್ದೇಶಗಳನ್ನು ವಿವರಿಸುವಾಗ ಇಮಾಮ್ ಗಝ್ಝಾಲಿಯವರು ಐದು ವಿಷಯಗಳ ರಕ್ಷಣೆಯನ್ನು ಎಣಿಸಿದ್ದಾರೆ: ಧರ್ಮ, ಪ್ರಾಣ, ಬುದ್ಧಿ, ಸಂತತಿ ಮತ್ತು ಸಂಪತ್ತು. ಗುಟ್ಕಾದ ಪೊಟ್ಟಣ ಇವುಗಳಲ್ಲಿ ಪ್ರಾಣವನ್ನೂ ಸಂಪತ್ತನ್ನೂ ನೇರವಾಗಿ ಕಬಳಿಸುತ್ತದೆ. ಮನೆಯ ಯಜಮಾನ ಹಾಸಿಗೆ ಹಿಡಿದರೆ ಮಕ್ಕಳ ಓದು ನಿಲ್ಲುತ್ತದೆ, ಹೆಣ್ಣುಮಗಳ ಮದುವೆ ಮುಂದೆ ಹೋಗುತ್ತದೆ. ಈ ದೇಹ ನಮ್ಮ ಸ್ವಂತ ಆಸ್ತಿಯಲ್ಲ, ಅಲ್ಲಾಹನ ಅಮಾನತ್. ಅಮಾನತನ್ನು ಹಾಳುಗೆಡವಿದ್ದಕ್ಕೆ ಪರಲೋಕದಲ್ಲಿ ಉತ್ತರಿಸಬೇಕಾಗುತ್ತದೆ. ರೋಗ ಬಂದ ಮೇಲೆ ವೈದ್ಯರ ಬಳಿ ಹೋಗದೆ "ವಿಧಿ" ಎನ್ನುವುದು ತವಕ್ಕುಲ್ ಅಲ್ಲ. ಚಿಕಿತ್ಸೆ ಪಡೆದು ಫಲಿತಾಂಶವನ್ನು ಅವನಿಗೆ ಒಪ್ಪಿಸುವುದೇ ತವಕ್ಕುಲ್.

ಬಿಡಲು ಸಾಧ್ಯವೇ?

"ಬಿಡಬೇಕೆಂದಿದ್ದೇನೆ, ಆಗುವುದಿಲ್ಲ" ಎನ್ನುವವರಿಗೆ ಒಂದು ಪ್ರಶ್ನೆ. ರಮಝಾನಿನಲ್ಲಿ ಏನು ಮಾಡುತ್ತೀರಿ? ಬೆಳಗಿನ ಸಹ್ರಿಯಿಂದ ಮಗ್ರಿಬ್ ತನಕ ಹದಿಮೂರು ಗಂಟೆಗಳ ಕಾಲ ಒಂದು ಚೂರು ತಂಬಾಕು ಬಾಯಿಗೆ ಹೋಗುವುದಿಲ್ಲ. ಅದೂ ಒಂದು ದಿನವಲ್ಲ, ಒಂದು ತಿಂಗಳು. ಹದಿಮೂರು ಗಂಟೆ ಬಿಡಬಲ್ಲವರಿಗೆ ಇಪ್ಪತ್ತನಾಲ್ಕು ಗಂಟೆ ಕಷ್ಟವಾಗಬಹುದು, ಅಸಾಧ್ಯವಲ್ಲ. ಇಫ್ತಾರ್ ಆದ ಕೂಡಲೇ ಖರ್ಜೂರದ ಬೆನ್ನಿಗೆ ಪೊಟ್ಟಣ ಹರಿಯುವ ಅಭ್ಯಾಸವನ್ನು ಮೊದಲು ಮುರಿಯಿರಿ. ಮಿಸ್ವಾಕ್ ಕೈಯಲ್ಲಿಟ್ಟುಕೊಳ್ಳಿ. ತಲೆನೋವು, ಸಿಡಿಮಿಡಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಒಬ್ಬರಿಂದಲೇ ಆಗದಿದ್ದರೆ ತಂಬಾಕು ಬಿಡಲು ನೆರವಾಗುವ ಸರಕಾರದ ಉಚಿತ ದೂರವಾಣಿ 1800-11-2356ಕ್ಕೆ ಕರೆ ಮಾಡಿ.

ಜಮಾಅತ್ ಕಮಿಟಿಗಳಿಗೂ ಒಂದು ವಿನಂತಿ. ನಮ್ಮ ಮಸೀದಿ, ಸಂಘಸಂಸ್ಥೆಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಶುಗರ್, ಬಿ.ಪಿ., ಕೊಲೆಸ್ಟ್ರಾಲ್ ಜೊತೆಗೆ ಒಬ್ಬ ದಂತವೈದ್ಯರನ್ನೂ ಒಂದು ಟಾರ್ಚನ್ನೂ ಸೇರಿಸಿ. ಮದುವೆಯ ಬಾಗಿಲಲ್ಲಿ ಬೀಡಾದ ತಟ್ಟೆಯ ಬದಲು ಸೋಂಪು, ಕಲ್ಲುಸಕ್ಕರೆಯ ತಟ್ಟೆ ಇಡಿ. ಅತಿಥಿ ಸತ್ಕಾರಕ್ಕೆ ಯಾವ ಕೊರತೆಯೂ ಆಗದು.

ಇಂದಿನ ಇಶಾ ನಮಾಝಿಗೆ ವುಝೂ ಮಾಡುವಾಗ ಬಾಯಿಗೆ ನೀರು ಹಾಕುವ ಮುನ್ನ ಒಂದು ಕ್ಷಣ ಕನ್ನಡಿ ನೋಡಿ. ಮನೆಯವರಿಗೂ ತೋರಿಸಲು ಹೇಳಿ. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಈ ಮಾರಕ ರೋಗದಿಂದ ಕಾಪಾಡಲಿ, ರೋಗದಲ್ಲಿರುವವರಿಗೆ ಪೂರ್ಣ ಗುಣ ನೀಡಲಿ. ಆಮೀನ್.